ಯಿಶುನ್ ಕೆಟಿಪಿಎಚ್: ಪೇಷೆಂಟ್ ನೋಡಕ್ ಹೋಗಿ ಕೆರೆ ಸುತ್ತ ವಾಕ್ ಮಾಡ್ಕೊಂಡ್ ಬಂದೆ

ಮೊದ್ಲೇ ಹೇಳ್ಬಿಡ್ತೀನಿ, ಇದು ಡಾಕ್ಟ್ರು ಹೇಗೆ, ಬಿಲ್ ಎಷ್ಟಾಯ್ತು ಅನ್ನೋ ರಿವ್ಯೂ ಅಲ್ಲ. ನಾನ್ ಅಲ್ಲಿ ಪೇಷೆಂಟ್ ಆಗಿರ್ಲಿಲ್ಲ. ಫ್ರೆಂಡ್ ಅಮ್ಮ, ತೀರ್ಥಹಳ್ಳಿ ಕಡೆಯೋರು, ಈಗ ಸಿಂಗಾಪುರದಲ್ಲೇ ಮಗನ ಜೊತೆ ಇದಾರೆ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡು ಅಲ್ಲಿನ ಯಿಶುನ್ ಅನ್ನೋ ಏರಿಯಾದ ಖೂ ಟೆಕ್ ಪುವಾಟ್ ಆಸ್ಪತ್ರೆ, ಅಂದ್ರೆ ಕೆಟಿಪಿಎಚ್‌ನಲ್ಲಿದ್ರು. ಅವ್ರನ್ನ ನೋಡಕ್ಕೆ ಅಂತ ಮೂರ್ನಾಕ್ ಸಲ ಹೋಗಿದ್ದೆ. ಆಸ್ಪತ್ರೆ ಅಂದ್ರೆ ಕಾಲು ಗಂಟೆ ಕೂತು ಎದ್ದು ಬರೋ ಜಾತಿ ನಾನು, ಇಲ್ಲಿ ಮಾತ್ರ ವಿಸಿಟಿಂಗ್ ಟೈಮ್ ಮುಗಿದ್ ಮೇಲೂ ಹೊರಗಡೆ ಸುತ್ತಾಡ್ಕೊಂಡೇ ಇರ್ತಿದ್ದೆ.

ಬಿಲ್ಡಿಂಗ್ ಹೇಗಿದೆ ಅಂದ್ರೆ, ನಮ್ ಕಡೆ ತೊಟ್ಟಿ ಮನೆ ಇರತ್ತಲ್ಲ, ಅದರ ಒಂದು ಮಗ್ಗುಲು ತೆಗೆದು ಕೆರೆ ಕಡೆ ಬಾಯಿ ಬಿಟ್ಟಂಗೆ ಕಲ್ಪಿಸ್ಕೊಳಿ. ಮಧ್ಯೆ ಅಂಗಳ, ಅಂಗಳದ ತುಂಬ ಕಾಡಿನ ಥರ ಗಿಡ ಮರ, ಎದುರಿಗೆ ಯಿಶುನ್ ಪಾಂಡ್. ಅಂಗಳ ನೆಲಮಟ್ಟಕ್ಕೇ ನಿಲ್ಲಲ್ಲ, ಬೇಸ್‌ಮೆಂಟ್‌ಗೂ ಇಳಿಯತ್ತೆ. ಬೇಸ್‌ಮೆಂಟ್ ಅಂದ್ರೆ ನಮಗೆ ಗೊತ್ತಿರೋದು ಟ್ಯೂಬ್‌ಲೈಟು, ಪಾರ್ಕಿಂಗು, ಫಿನಾಯಿಲ್ ವಾಸನೆ. ಇಲ್ಲಿ ಅಲ್ಲಿಗೂ ಬಿಸಿಲು ಬೀಳತ್ತೆ, ನೀರು ಸುರಿಯೋ ಸದ್ದು ಕೇಳತ್ತೆ.

ಆಸ್ಪತ್ರೆ ಶುರುವಾಗಿದ್ದು 2010ರಲ್ಲಿ. ಹೆಸರಿರೋದು ಬ್ಯಾಂಕರ್ ಒಬ್ರದ್ದು, ಅವರ ಕುಟುಂಬ 125 ಮಿಲಿಯನ್ ಸಿಂಗಾಪುರ್ ಡಾಲರ್ ದಾನ ಕೊಟ್ಟಿದ್ರು. ಡಿಸೈನ್ ಸಿಪಿಜಿ ಕನ್ಸಲ್ಟೆಂಟ್ಸ್ ಅವ್ರದ್ದು. ಆದ್ರೆ ಈ ಗಿಡದ ಹುಚ್ಚು ಆರ್ಕಿಟೆಕ್ಟ್‌ಗಳಿಂದ ಶುರುವಾಗಿದ್ದಲ್ಲ ಅನ್ನೋದು ನಂಗೆ ಇಷ್ಟವಾದ ವಿಷಯ. ಇದನ್ನ ಕಟ್ಸಿದ ಟೀಮ್ ಮೊದ್ಲು ಇದ್ದಿದ್ದು ಅಲೆಕ್ಸಾಂಡ್ರಾ ಆಸ್ಪತ್ರೆಲಿ, ಬ್ರಿಟಿಷರ ಕಾಲದ ಹಳೇ ಮಿಲಿಟರಿ ಆಸ್ಪತ್ರೆ ಅದು. ಹೊಸ ಬಿಲ್ಡಿಂಗ್‌ಗೆ ಕಾಯ್ತಾ ಕೂರದೆ ಲಿಯಾಕ್ ತೆಂಗ್ ಲಿತ್ ಅನ್ನೋ ಸಿಇಒ ಮತ್ತೆ ಅವರ ಜನ ಅಲ್ಲೇ ತೋಟ ಮಾಡಿ ಚಿಟ್ಟೆ ಬರಿಸಿದ್ರು. ಆಮೇಲೆ ಯಿಶುನ್‌ಗೆ ಬಂದಾಗ ಚಿಟ್ಟೆ ಮೊಟ್ಟೆ ಇಡೋ ಗಿಡಗಳನ್ನೇ ಹುಡುಕಿ ನೆಟ್ಟು, ನೂರು ಜಾತಿ ಚಿಟ್ಟೆ ಬರ್ಬೇಕು ಅಂತ ಗುರಿ ಇಟ್ಕೊಂಡ್ರು. ಆಸ್ಪತ್ರೆ ಟಾರ್ಗೆಟ್ ಅಂದ್ರೆ ಬೆಡ್ ಆಕ್ಯುಪೆನ್ಸಿ ಅಂತ ಅಂದ್ಕೊಂಡಿದ್ದೆ ನಾನು!

ಈಗ ವಾರ್ಡ್ ವಿಷಯ. ಫ್ರೆಂಡ್ ಅಮ್ಮ ಇದ್ದಿದ್ದು ಸಬ್ಸಿಡಿ ವಾರ್ಡು, ಸುಮಾರು ಜನ ಒಟ್ಟಿಗಿರೋದು, ಏಸಿ ಇಲ್ಲ. ಏಸಿ ಇಲ್ದೆ ಸಿಂಗಾಪುರದಲ್ಲಾ ಅಂತ ನಾನೂ ಹುಬ್ಬೇರಿಸಿದೆ, ಮಂಗಳೂರಿನ ಮೇ ತಿಂಗಳು ವರ್ಷಪೂರ್ತಿ ಇರೋ ಊರದು. ಆದ್ರೆ ಇದಕ್ಕೆ ತಲೆ ಓಡ್ಸಿದಾರೆ. ಗಾಳಿ ಯಾವ್ ಕಡೆಯಿಂದ ಬರತ್ತೆ ನೋಡ್ಕೊಂಡು ಬಿಲ್ಡಿಂಗ್ ತಿರುಗ್ಸಿದಾರೆ, ಗೋಡೆ ಹೊರಗೆ ಅಲ್ಯೂಮಿನಿಯಂ ರೆಕ್ಕೆಗಳ ಥರ ಹಾಕಿ ಪಕ್ಕದಲ್ಲಿ ಹಾದು ಹೋಗೋ ಗಾಳಿನ ಹಿಡಿದು ಒಳಗೆ ತಳ್ಳೋ ಹಂಗೆ ಮಾಡಿದಾರೆ, ಅದಕ್ಕೆ ಯೂನಿವರ್ಸಿಟಿಯವರ ಜೊತೆ ವಿಂಡ್ ಟನಲ್ ಟೆಸ್ಟೂ ಮಾಡ್ಸಿದ್ರು. ಕಿಟಕಿ ಆಚೆ ಕಟ್ಟೆ ಮೇಲೆ ಗಿಡ, ಅದ್ರಲ್ಲೂ ಪರಿಮಳ ಇರೋವು. ದುಡ್ಡು ಜಾಸ್ತಿ ಕೊಡೋ ರೂಮಲ್ಲಿ ಏಸಿ ಇದೆ, ಸರಿ, ಆದ್ರೆ ಗಾಳಿ, ಮಲ್ಲಿಗೆ ಥರದ ವಾಸನೆ, ಎಲೆ ಸದ್ದು ಇವೆಲ್ಲ ಪುಕ್ಕಟೆ ಸಿಗೋದು ಕಮ್ಮಿ ದುಡ್ಡಿನ ವಾರ್ಡಲ್ಲೇ. ಇದೊಂಥರ ಉಲ್ಟಾ ಲೆಕ್ಕ, ನಂಗಂತೂ ಖುಷಿ ಆಯ್ತು.

ಒಂದು ದಿನ ನಾನ್ ಹೋದಾಗ ಅಮ್ಮ ಮಾತಾಡ್ಸಿದ್ರೂ ತಿರುಗ್ಲಿಲ್ಲ, ಕಿಟಕಿ ಕಡೆನೇ ನೋಡ್ತಾ ಇದ್ರು. ಏನಮ್ಮ ಅಂದ್ರೆ "ಸುಮ್ನಿರೋ, ಅದು ಗೂಡಿಗೆ ಕಡ್ಡಿ ತರ್ತಾ ಇದೆ, ಬೆಳಿಗ್ಗೆಯಿಂದ ಇದು ಒಂಬತ್ತನೇ ಸಲ" ಅಂದ್ರು. ಅಂಗಳದ ಮರದಲ್ಲಿ ಯಾವ್ದೋ ಪುಟ್ಟ ಹಕ್ಕಿ. ನಂಗೆ ನಿಂತ್ಕೊಂಡ್ರೆ ಕಾಣ್ತಿರ್ಲಿಲ್ಲ, ಎಲೆ ಅಡ್ಡ ಬರ್ತಿತ್ತು. ಅವರ ದಿಂಬಿನ ಪಕ್ಕ ತಲೆ ಬಗ್ಸಿ ನೋಡಿದ್ಮೇಲೆ ಸರಿಯಾಗ್ ಕಾಣ್ತು. ಇಡೀ ಆಸ್ಪತ್ರೆಯ ಗುಟ್ಟು ಇಲ್ಲೇ ಇದೆ ಅನ್ನಿಸ್ತು ನಂಗೆ, ತೋಟ ಯಾರಿಗೆ ಕಾಣ್ಬೇಕು, ಲಾಬಿಲಿ ನಡ್ಕೊಂಡ್ ಹೋಗೋರಿಗಾ, ಮಲಗಿರೋರಿಗಾ.

ಯಾಕಂದ್ರೆ ನಮ್ಮಪ್ಪಂದು ಬೆಂಗಳೂರಲ್ಲಿ ಗಾಲ್ ಬ್ಲಾಡರ್ ಆಪರೇಷನ್ ಆಗಿತ್ತು, ಹೆಸರು ಹೇಳಲ್ಲ, ದೊಡ್ಡ ಆಸ್ಪತ್ರೆನೇ. ಲಾಬಿಲಿ ಎರಡು ಮಹಡಿ ಎತ್ತರದ ಹಸಿರು ಗೋಡೆ, ಹತ್ರ ಹೋಗಿ ಮುಟ್ಟಿದ್ರೆ ಪ್ಲಾಸ್ಟಿಕ್ಕು. ಟೆರೇಸಲ್ಲಿ ಹೀಲಿಂಗ್ ಗಾರ್ಡನ್ ಅಂತ ಬೋರ್ಡು, ಬಾಗಿಲಿಗೆ ಬೀಗ, ಕೇಳಿದ್ರೆ ಕೀ ಫೆಸಿಲಿಟಿ ಮ್ಯಾನೇಜರ್ ಹತ್ರ ಇದೆ ಸರ್, ಅವ್ರು ರಜ ಅಂತೆ. ಅಪ್ಪನ ರೂಮ್ ಕಿಟಕಿ ತೆಗೆದ್ರೆ ಪಕ್ಕದ ಬಿಲ್ಡಿಂಗ್ ಗೋಡೆ, ಅದ್ರ ಮೇಲೆ ಹನ್ನೊಂದು ಏಸಿ ಔಟ್‌ಡೋರ್ ಯೂನಿಟ್ಟು. ಅಪ್ಪನೇ ಎಣಿಸಿದ್ದು, ಇನ್ನೇನ್ ಮಾಡ್ತಾರೆ ಪಾಪ.

ಗಾಲ್ ಬ್ಲಾಡರ್ ಅಂದಿದ್ದಕ್ಕೆ ಒಂದು ಮಾತು. ಕಿಟಕಿಯಾಚೆ ಹಸಿರು ಕಂಡ್ರೆ ಪೇಷೆಂಟ್ ಬೇಗ ಗುಣ ಆಗ್ತಾರಾ ಅನ್ನೋ ವಿಷಯದಲ್ಲಿ ಎಲ್ಲಾರೂ ಹೇಳೋ ಸ್ಟಡಿ ಇದ್ಯಲ್ಲ, ರೋಜರ್ ಉಲ್ರಿಚ್ ಅನ್ನೋರು 1984ರಲ್ಲಿ ಸೈನ್ಸ್ ಪತ್ರಿಕೆಲಿ ಬರೆದಿದ್ದು, ಅದು ಗಾಲ್ ಬ್ಲಾಡರ್ ಪೇಷೆಂಟ್‌ಗಳ ಮೇಲೇನೇ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆ, 1972ರಿಂದ 1981ರ ತನಕದ ದಾಖಲೆ, ಒಟ್ಟು 46 ಜನ. ಅರ್ಧ ಜನರ ಕಿಟಕಿಯಾಚೆ ಮರ, ಇನ್ನರ್ಧ ಜನಕ್ಕೆ ಇಟ್ಟಿಗೆ ಗೋಡೆ. ಮರ ಕಂಡೋರು ಆಪರೇಷನ್ ಆಗಿ ಸರಾಸರಿ 7.96 ದಿನಕ್ಕೆ ಮನೆಗೆ ಹೋದ್ರು, ಗೋಡೆ ಕಂಡೋರು 8.70 ದಿನಕ್ಕೆ, ಸ್ಟ್ರಾಂಗ್ ನೋವಿನ ಔಷಧಿನೂ ಮರದೋರು ಕಮ್ಮಿ ತಗೊಂಡ್ರು. 46 ಜನ ಅಂದ್ರೆ ಸಣ್ಣ ಸ್ಟಡಿ, ಮರ ನೋಡಿದ್ರೆ ಗಾಲ್ ಬ್ಲಾಡರ್ ಕಲ್ಲು ಕರಗತ್ತೆ ಅಂತ ಯಾರಾದ್ರೂ ವಾಟ್ಸಾಪಲ್ಲಿ ಕಳ್ಸಿದ್ರೆ ನಂಬ್ಬೇಡಿ. ಆದ್ರೆ ಮುಕ್ಕಾಲು ದಿನ ಮುಂಚೆ ಮನೆಗೆ ಹೋಗೋದು ಎಷ್ಟು ದೊಡ್ಡ ವಿಷಯ ಅಂತ ಡಿಸ್ಚಾರ್ಜ್‌ಗೆ ಕಾಯ್ತಾ ಕೂತೋರ್ನ ಕೇಳಿ.

ಯಿಶುನ್‌ಗೇ ವಾಪಸ್ ಬರ್ತೀನಿ. ಮೇಲೆ ಟೆರೇಸಲ್ಲಿ ಹಣ್ಣಿನ ಗಿಡ, ತರಕಾರಿ, ಮೂಲಿಕೆ ಎಲ್ಲ ಬೆಳೀತಾರೆ, ಅಕ್ಕಪಕ್ಕದ ಮನೆ ವಯಸ್ಸಾದೋರು ವಾಲಂಟಿಯರ್ ಆಗಿ ಬಂದು ಅಗೆಯೋದು ನೀರು ಬಿಡೋದು ಮಾಡಿ ಬೆಳೆಸಿದ ತೋಟ, ಬೆಳೆದಿದ್ದು ಆಸ್ಪತ್ರೆ ಅಡುಗೆ ಮನೆಗೂ ಹೋಗತ್ತೆ. ಹಿತ್ತಲ ಗಿಡ ಮದ್ದಲ್ಲ ಅಂತೀವಲ್ಲ, ಇವ್ರು ಹಿತ್ತಲನ್ನ ತಗೊಂಡೋಗಿ ಆಸ್ಪತ್ರೆ ತಲೆ ಮೇಲೇ ಇಟ್ಟಿದಾರೆ. ಕೆರೆನೂ ಹಂಗೇ, ಮೊದ್ಲು ಮಳೆ ನೀರು ಬಂದು ಸೇರೋ ಕಾಂಕ್ರೀಟ್ ಹೊಂಡ ಅಷ್ಟೇ ಅದು, ಆಸ್ಪತ್ರೆಯವರು ಸರ್ಕಾರಿ ಇಲಾಖೆಗಳ ಜೊತೆ ಸೇರಿ ದಡ ಸರಿ ಮಾಡಿ, ಗಿಡ ಹಾಕಿ, ವಾಕಿಂಗ್ ದಾರಿ ಮಾಡಿ, ಅದೇ ನೀರನ್ನ ತೋಟಕ್ಕೂ ಬಿಡ್ತಾರೆ. ಕಾಂಪೌಂಡ್ ಗೋಡೆ ಅಂತ ಇಲ್ಲ, ಹಂಗಾಗಿ ಸಂಜೆ ಆದ್ರೆ ಶಾಲೆ ಮಕ್ಕಳು, ಜಾಗಿಂಗ್ ಮಾಡೋರು, ಡ್ರಿಪ್ ಸ್ಟ್ಯಾಂಡ್ ತಳ್ಕೊಂಡ್ ಬರೋ ಪೇಷೆಂಟು ಎಲ್ಲ ಒಂದೇ ಕಡೆ. 2017ರಲ್ಲಿ ಸ್ಟೀಫನ್ ಕೆಲ್ಲರ್ಟ್ ಹೆಸರಿನ ಬಯೋಫಿಲಿಕ್ ಡಿಸೈನ್ (ಕಟ್ಟಡದ ಜೊತೆ ಪ್ರಕೃತಿನೂ ಬೆರೆಸೋ ವಿನ್ಯಾಸ) ಅವಾರ್ಡ್ ಮೊಟ್ಟಮೊದಲ ಸಲ ಕೊಟ್ಟಾಗ ಅದು ಬಂದಿದ್ದು ಇದಕ್ಕೇ.

ಎಲ್ಲ ಆಸ್ಪತ್ರೆಲೂ ಎಲ್ಲ ಕಡೆ ಮಣ್ಣು ಗಿಡ ಇಡಕ್ಕಾಗಲ್ಲ, ಅದೂ ಗೊತ್ತಿರ್ಲಿ. ಕೀಮೋ ಆಗ್ತಿರೋರು, ಟ್ರಾನ್ಸ್‌ಪ್ಲಾಂಟ್ ಆದೋರು ಇರೋ ಕಡೆ ಮಣ್ಣಲ್ಲಿರೋ ಫಂಗಸ್ಸೇ ಪ್ರಾಣಕ್ಕೆ ಬರ್ಬೋದು, ಅವ್ರಿಗೆ ಗಾಜಿನಾಚೆಯ ಮರನೇ ಸರಿ. ಡೆಂಗೇ ಇರೋ ಊರಲ್ಲಿ ನಿಂತ ನೀರು ಬಿಡಂಗಿಲ್ಲ, ನೀರು ಓಡ್ತಾ ಇರ್ಬೇಕು, ಮೀನು ಬಿಡ್ಬೇಕು, ದಿನಾ ಯಾರಾದ್ರೂ ನೋಡ್ಬೇಕು. ಅಂದ್ರೆ ತೋಟಕ್ಕೆ ಮಾಲಿ ಸಂಬಳ ವರ್ಷಾನುವರ್ಷ ಬರ್ಕೊಂಡಿರ್ಬೇಕು, ಬರೀ ಇನಾಗರೇಷನ್ ದಿನದ ಕುಂಡ ಸಾಲಲ್ಲ. ನಮ್ಮಲ್ಲಿ ಪ್ಲಾಸ್ಟಿಕ್ ಗೋಡೆ ಬರೋದೇ ಈ ಲೆಕ್ಕಕ್ಕೆ. ಮತ್ತೆ ಸೆಕೆ ನಾಡಲ್ಲಿ ಏಸಿ ಇಲ್ದೆ ವಾರ್ಡ್ ನಡೆಸ್ತಾರೆ ಅಂದ್ಮೇಲೆ ಬೆಂಗಳೂರು ಹವಾದಲ್ಲಿ ಕಿಟಕಿನೇ ತೆಗೆಯಕ್ಕೆ ಬರದಂಗೆ ಗಾಜು ಕೂರ್ಸೋದು ಯಾಕೆ ಅನ್ನೋದು ನಂಗೆ ಇವತ್ತಿಗೂ ಅರ್ಥ ಆಗಿಲ್ಲ. ನಮ್ ಹಳೇ ಸರ್ಕಾರಿ ಆಸ್ಪತ್ರೆಗಳಲ್ಲಿ ಉದ್ದ ವರಾಂಡ, ಎತ್ತರದ ಕಿಟಕಿ ಇತ್ತಲ್ವಾ? ನಿಮ್ಹಾನ್ಸ್ ಕ್ಯಾಂಪಸ್ಸಲ್ಲಿ ಮರದ ಕೆಳಗೆ ಒಂದು ಹೊತ್ತು ಕೂತು ನೋಡಿ, ಗೊತ್ತಾಗತ್ತೆ.

ಹೋಗೋರಿದ್ರೆ ನಾರ್ತ್ ಸೌತ್ ಲೈನಲ್ಲಿ ಯಿಶುನ್ ಸ್ಟೇಷನ್ ಇಳೀರಿ. ಪೇಷೆಂಟ್ ಇಲ್ದಿದ್ರೂ ಕೆರೆ ಕಡೆಯಿಂದ ಹೋಗ್ಬೋದು, ಸಂಜೆ ಐದರ ಮೇಲೆ ಚೆನ್ನಾಗಿರತ್ತೆ, ಸುರುಳಿ ಮೆಟ್ಟಿಲಿನ ವಾಚ್ ಟವರ್ ಹತ್ತಿದ್ರೆ ಇಡೀ ಆಸ್ಪತ್ರೆ ಗಿಡದೊಳಗೆ ಮುಳುಗಿರೋದು ಕಾಣತ್ತೆ.

ಸ್ಟಾರ್ ಕೊಡ್ಲೇಬೇಕು ಅಂದ್ರೆ ಇದಕ್ಕೆ ಐದಕ್ಕೆ ಐದು. ಹೆಸರು ಹೇಳದ ಆ ಬೆಂಗಳೂರು ಆಸ್ಪತ್ರೆಗೆ ಒಂದು, ಅದೂ ಆಸ್ಪತ್ರೆಗಲ್ಲ, ಗೇಟಲ್ಲಿದ್ದ ಸೆಕ್ಯೂರಿಟಿಯವ್ರಿಗೆ. ಜನರೇಟರ್ ಪಕ್ಕ ಉಳ್ಕೊಂಡಿದ್ದ ಒಂದೇ ಒಂದು ಹೊಂಗೆ ಮರದ ಕೆಳಗೆ ತಮ್ಮ ಕುರ್ಚಿ ಹಾಕಿಕೊಟ್ಟು, ಅಪ್ಪನ್ನ ದಿನಾ ಬೆಳಿಗ್ಗೆ ಅರ್ಧ ಗಂಟೆ ಕೂರಕ್ಕೆ ಬಿಡ್ತಿದ್ರು.