ಚಿನ್ನಸ್ವಾಮಿ, ರಾಜನಗರ, ನವುಲೆ: ದಾವಣಗೆರೆಯಿಂದ ಹೊರಟರೆ ಯಾವ ಮೈದಾನ?

ನಮ್ಮೂರಿನ ವಿನಯ್ ಕುಮಾರ್ ಕರ್ನಾಟಕದ ನಾಯಕರಾಗಿ 2013-14 ಮತ್ತು 2014-15ರಲ್ಲಿ ಸತತ ಎರಡು ಸಲ ರಣಜಿ ಕಪ್ ಗೆದ್ದರು. ನಾನು ಎರಡನ್ನೂ ಟಿವಿಯಲ್ಲೇ ನೋಡಿದೆ. ನಮ್ಮ ಹೈಸ್ಕೂಲ್ ಮೈದಾನದ ಹೊನಲು ಬೆಳಕಿನ ಟೆನಿಸ್ ಬಾಲ್ ಟೂರ್ನಿ ಬಿಟ್ಟರೆ ಕೂತು ನೋಡಿದ ಕ್ರಿಕೆಟ್ ಕಡಿಮೆ. ಆ ಕೊರತೆ ನೀಗಿಸಿಕೊಳ್ಳೋಣ ಅಂತ ತಮ್ಮನ ಮಗನನ್ನು ಕರೆದುಕೊಂಡು ಮೂರು ಕಡೆ ಹೋಗಿ ಬಂದೆ.

ಮೊದಲು ಬೆಂಗಳೂರಿನ ಚಿನ್ನಸ್ವಾಮಿ, ಐಪಿಎಲ್ ರಾತ್ರಿ. ಕಬ್ಬನ್ ಪಾರ್ಕ್ ಮೆಟ್ರೋದಲ್ಲಿ ಇಳಿದರೆ ಪಕ್ಕದಲ್ಲೇ ಸ್ಟೇಡಿಯಂ. 1974ರಲ್ಲಿ ವಿವಿಯನ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ತಮ್ಮ ಮೊದಲ ಟೆಸ್ಟ್ ಆಡಿದ ನೆಲ ಅದು. ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟಾಗ ದೀಪದ ಬೆಳಕಲ್ಲಿ ಆ ಹಸಿರು ಕಂಡಿತಲ್ಲ, ನಿಜವಾಗಿ ಮೈ ಜುಮ್ಮೆಂದಿತು. ಮಳೆ ಬಂದರೂ ನೀರು ಎಳೆದು ಹಾಕುವ ಯಂತ್ರ 2017ರಿಂದ ಅಲ್ಲಿದೆ, ಬೇಗ ಆಟ ಶುರುವಾಗುತ್ತದೆ. ಆದರೆ ಆ ಗದ್ದಲದಲ್ಲಿ ಬ್ಯಾಟಿಗೆ ಚೆಂಡು ತಾಗಿದ ಸದ್ದು ಒಮ್ಮೆಯೂ ಕೇಳಲಿಲ್ಲ. ಹುಡುಗ ಅರ್ಧ ಹೊತ್ತು ದೊಡ್ಡ ಪರದೆಯನ್ನೇ ನೋಡುತ್ತಿದ್ದ. ಟಿಕೆಟ್ ದುಬಾರಿ, ಊರು 260 ಕಿಲೋಮೀಟರ್‌ಗೂ ಜಾಸ್ತಿ ದೂರ. ಮನೆ ಸೇರಿದಾಗ ಬೆಳಗಾಗಿತ್ತು.

ಹುಬ್ಬಳ್ಳಿಯ ರಾಜನಗರ ಮೈದಾನಕ್ಕೆ ಹೋಗಿದ್ದು 2024ರ ಜನವರಿ, ಕರ್ನಾಟಕ-ಪಂಜಾಬ್ ರಣಜಿ ಪಂದ್ಯಕ್ಕೆ. ರೈಲಿನಲ್ಲಿ ಹೋಗಿ, ಸ್ಟೇಷನ್ನಿಂದ ಆಟೋ ಹಿಡಿದರೆ ಆಯ್ತು. ದುಡ್ಡು ಕೊಡದೆ ಒಳಗೆ ಹೋಗಿ ಕೂತೆವು. ಹಿಂದಿನ ದಿನ ನಮ್ಮ ಬೌಲರ್ ವಾಸುಕಿ ಕೌಶಿಕ್ 41 ರನ್ನಿಗೆ 7 ವಿಕೆಟ್ ಕಿತ್ತಿದ್ದರು, ನಾವು ಹೋಗಿದ್ದು ಎರಡನೇ ದಿನ, ಶನಿವಾರ. ನಮ್ಮವರ ಇನಿಂಗ್ಸ್‌ನಲ್ಲಿ ದೇವದತ್ತ ಪಡಿಕ್ಕಲ್ 193, ಮನೀಷ್ ಪಾಂಡೆ 118. ಎಡಗೈ ಆಟಗಾರ ಪಡಿಕ್ಕಲ್ ಕವರ್ಸ್ ಕಡೆ ಚೆಂಡು ತಳ್ಳಿದಾಗ ಮೊದಲು ಸದ್ದು, ಆಮೇಲೆ ಹುಲ್ಲಿನ ಮೇಲೆ ಚೆಂಡು ಉರುಳುವುದು, ಎರಡೂ ಬೇರೆ ಬೇರೆಯಾಗಿ ಗೊತ್ತಾಗುತ್ತಿತ್ತು. ಮಧ್ಯಾಹ್ನದ ಬಿಸಿಲು ಮಾತ್ರ ಚುರುಕು, ಟೋಪಿ ಬೇಕೇ ಬೇಕು. ಸಂಜೆ ಗಿರ್ಮಿಟ್ ತಿಂದು ರೈಲು ಹತ್ತಿದೆವು. ಮಂಡಕ್ಕಿ ವಿಷಯದಲ್ಲಿ ನನ್ನ ಓಟು ನಮ್ಮೂರಿಗೇ.

ಇನ್ನು ಶಿವಮೊಗ್ಗದ ನವುಲೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಹೊನ್ನಾಳಿ ಮೇಲೆ ಹೋದರೆ ಎರಡು ಗಂಟೆ ಚಿಲ್ಲರೆ. ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಹೊರಟು, ರಾತ್ರಿ ಊಟಕ್ಕೆ ಮನೆಯಲ್ಲಿರಬಹುದು. 2025ರ ಅಕ್ಟೋಬರ್, ಗೋವಾ ವಿರುದ್ಧ ಕರ್ನಾಟಕದ ರಣಜಿ ಪಂದ್ಯ. ಕರುಣ್ ನಾಯರ್ ಔಟಾಗದೆ 174 ಹೊಡೆದರು. ಮಲೆನಾಡಿನ ಮೋಡ, ತಣ್ಣನೆ ಗಾಳಿ, ಜನ ವಿರಳ. ಪಂದ್ಯ ಕೊನೆಗೆ ಡ್ರಾ ಆಯಿತು, ಆದರೆ ನಮಗೆ ಬೇಜಾರಾಗಲಿಲ್ಲ. ಯಾಕೆಂದರೆ ನಮ್ಮವರು ಫೀಲ್ಡಿಂಗ್‌ಗೆ ಇಳಿದಾಗ ಅವರ ಮಾತು ನಾವು ಕೂತಲ್ಲಿಗೇ ಕೇಳುತ್ತಿತ್ತು, ಅದೂ ಕನ್ನಡದಲ್ಲಿ! "ಬಾರೋ ಬಾರೋ, ಮುಂದೆ ಬಾ" ಅಂತ ಒಬ್ಬರು ಕೂಗಿದ್ದೇ ತಡ, ಬ್ಯಾಟರ್ ಹಿಂದಿನ ಸ್ಲಿಪ್ ಪಕ್ಕದವನು ಎರಡು ಹೆಜ್ಜೆ ಮುಂದೆ ಬಂದು ನಿಂತ. ಹುಡುಗ ನನ್ನ ತೋಳು ಹಿಡಿದು, "ದೊಡ್ಡಪ್ಪ, ಯಾಕೆ ಅವನನ್ನ ಮುಂದೆ ಕರೆದ್ರು?" ಅಂದ. ಚಿನ್ನಸ್ವಾಮಿಯಲ್ಲಿ ಇಂಥ ಪ್ರಶ್ನೆ ಅವನ ಬಾಯಲ್ಲಿ ಬರಲೇ ಇಲ್ಲ. ನಾವಿಬ್ಬರೂ ಆ ಓವರ್ ಪೂರ್ತಿ ಅದನ್ನೇ ಮಾತಾಡಿದೆವು.

ಕುಡಿಯುವ ನೀರಿನ ವಿಷಯ ಮೊದಲೇ ವಿಚಾರಿಸಿಕೊಳ್ಳಿ. ಬೇರೊಂದು ಊರಿನ ಮೈದಾನದಲ್ಲಿ ನಮ್ಮ ಬಾಟಲಿಯನ್ನು ಗೇಟಿನಲ್ಲೇ ಇಡಿಸಿದರು, ಒಳಗಿನ ನಲ್ಲಿಯಲ್ಲಿ ನೀರಿರಲಿಲ್ಲ. ಮಕ್ಕಳನ್ನು ಕರೆದುಕೊಂಡು ಬಂದವರು ಒದ್ದಾಡಿಬಿಟ್ಟರು. ಇದು ಸಣ್ಣ ಮಾತಲ್ಲ.

ಹಬ್ಬದ ಖುಷಿ ಬೇಕಾ, ಜೀವನದಲ್ಲಿ ಒಮ್ಮೆಯಾದರೂ ಚಿನ್ನಸ್ವಾಮಿ ನೋಡಿ. ಕಾರಿಲ್ಲದವರಿಗೆ ಹುಬ್ಬಳ್ಳಿ ಸಲೀಸು. ಮಗುವಿಗೆ ಆಟ ಕಲಿಸಬೇಕು ಅಂತಿದ್ದರೆ ಮಾತ್ರ ನವುಲೆಗೇ ಹೋಗಿ. ಪಿಚ್‌ನ ನೇರಕ್ಕೆ, ಬೌಲರ್ ಬೆನ್ನ ಹಿಂದೆ ಜಾಗ ಹಿಡಿಯಿರಿ. ಚೆಂಡು ಅತ್ತಿತ್ತ ತಿರುಗುವುದು ಅಲ್ಲಿಂದಲೇ ಕಾಣುವುದು.