ಮೆಣಸಿನ ಬೀಜವನ್ನು ಒದ್ದೆ ಮಾಡಿ ಫ್ರಿಜ್‌ನಲ್ಲಿ ಇಡಬೇಡಿ

ಮೆಣಸಿನಕಾಯಿ ಅಗಿ ಹಾಕುವ ಹೊತ್ತು ಬಂತು. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಹೋದ ವರ್ಷ ಧಾರವಾಡದ ಮನೆಗೆ ಲ್ಯಾವೆಂಡರ್ ಬೀಜ ತರಿಸಿದ್ದೆ. ಪೊಟ್ಟಣದ ಜೊತೆ ಒಂದು ಚೀಟಿ ಇತ್ತು. ಯಾವ ಬೀಜವಾದರೂ ಸರಿ, ಒದ್ದೆ ಟಿಶ್ಯೂದಲ್ಲಿ ಸುತ್ತಿ ಮೂರು ವಾರ ಫ್ರಿಜ್‌ನಲ್ಲಿಟ್ಟರೆ ಜಾಸ್ತಿ ಮೊಳೆಯುತ್ತವಂತೆ. ನಂಬಿದೆ. ಅವ್ವ ಬ್ಯಾಡಗಿಯಿಂದ ಕೊಟ್ಟಿದ್ದ ಡಬ್ಬಿ ತಳಿಯ ಮೆಣಸಿನಕಾಯಿ ಬೀಜ, ಜವಾರಿ ಬೆಂಡಿ, ಅವರೆ, ಎಲ್ಲವನ್ನೂ ಹಾಗೇ ಸುತ್ತಿಟ್ಟೆ.

ಮೂರು ವಾರಕ್ಕೆ ಬಿಚ್ಚಿದರೆ ಹುಳಿ ವಾಸನೆ. ಅವರೆಕಾಳು ಮುಟ್ಟಿದ ಕೂಡಲೇ ಸಿಪ್ಪೆ ಜಾರಿತು, ಒಳಗಿನ ಬೇಳೆ ಲೋಳೆಯಾಗಿ ಬೆರಳಿಗೆ ಅಂಟಿತು. ಬೆಂಡಿ ಬೀಜದ ಮೇಲೆ ಬೂದು ಬಣ್ಣದ ಬೂಷ್ಟು. ಮೆಣಸಿನ ಬೀಜ ನೋಡೋಕೆ ಚೆನ್ನಾಗಿಯೇ ಇತ್ತು. ಒಂದು ಹಿಡಿ ಹಾಕಿದೆ, ಎದ್ದದ್ದು ನಾಲ್ಕೇ ಸಸಿ. ಅವ್ವ ಪ್ರತಿ ವರ್ಷ ಒಳ್ಳೊಳ್ಳೆ ಕಾಯಿ ಆರಿಸಿ ಉಳಿಸಿಕೊಂಡು ಬಂದ ಬೀಜ ಅದು. ಫೋನಿನಲ್ಲಿ ಹೇಳಿದಾಗ ಅವಳು ಕೇಳಿದ್ದು ಒಂದೇ: "ಥಂಡ್ಯಾಗ ಇಟ್ಟರ ಅದು ಹ್ಯಾಂಗ ಏಳತೈತೆವ್ವಾ?"

ಆಮೇಲೆ ಓದಿ ತಿಳಿದುಕೊಂಡೆ. ಲ್ಯಾವೆಂಡರ್, ಸೇಬು ಇವೆಲ್ಲ ಚಳಿ ಸೀಮೆಯ ಗಿಡಗಳು. ಚಳಿಗಾಲಕ್ಕೆ ಮುಂಚೆ ಮೊಳೆತರೆ ಸಸಿ ಸಾಯುತ್ತದೆ, ಹಾಗಾಗಿ ಬೀಜ ಚಳಿ ಕಳೆಯುವ ತನಕ ಮಲಗಿರುತ್ತದೆ. 1ರಿಂದ 5 ಡಿಗ್ರಿ ತಂಪಿನಲ್ಲಿ, ತೇವದಲ್ಲಿ ವಾರಗಟ್ಟಲೆ ಇಟ್ಟರೆ ಅದಕ್ಕೆ ಎಚ್ಚರವಾಗುತ್ತದೆ. ಸೇಬಿಗಂತೂ ಎರಡು ಮೂರು ತಿಂಗಳು ಬೇಕು. ನಮ್ಮ ಮೆಣಸಿನಕಾಯಿಗೆ ಆ ನಿದ್ದೆಯೇ ಇಲ್ಲ. ಅದು 25ರಿಂದ 30 ಡಿಗ್ರಿ ಬೆಚ್ಚಗಿದ್ದರೆ ಚೆನ್ನಾಗಿ ಮೊಳೆಯುತ್ತದೆ. ಒಣ ಕಾಳುಗಳು ತಣ್ಣನೆಯ ನೀರು ಹೀರಿದರೆ ಒಳಗಿನ ಜೀವಕೋಶಗಳಿಗೇ ಪೆಟ್ಟು ಬೀಳುತ್ತದೆ.

ಬೀಜ ಕಾಪಿಡೋಕೆ ಫ್ರಿಜ್ ಒಳ್ಳೆಯದೇ, ಅದರಲ್ಲಿ ತಪ್ಪಿಲ್ಲ. ಆದರೆ ಚೆನ್ನಾಗಿ ಒಣಗಿರಬೇಕು, ಗಾಳಿಯಾಡದ ಬಾಟಲಿಯಲ್ಲಿರಬೇಕು. ಒದ್ದೆ ಮಾಡಿ ಇಡೋದು ಬೇರೆ, ಒಣಗಿಸಿ ಇಡೋದು ಬೇರೆ. ಆ ಚೀಟಿ ಬರೆದವರು ಇದನ್ನು ಒಂದು ಸಾಲಿನಲ್ಲಿ ಹೇಳಬಹುದಿತ್ತು, ಅಲ್ವಾ? ಇನ್ನು ಮಾವು, ಹಲಸಿನ ಬೀಜವನ್ನು ಫ್ರಿಜ್‌ನಲ್ಲಿ ಇಡಲೇಬೇಡಿ. ಅವು ಒಣಗಿದರೂ ಸಾಯುತ್ತವೆ, ಥಂಡಿಗೂ ಸಾಯುತ್ತವೆ.

ಯಾರಾದರೂ ಹೊಸ ವಿಧಾನ ಹೇಳಿದರೆ ಸುಮ್ನೆ ಎಲ್ಲವನ್ನೂ ಸುರಿಯಬೇಡಿ. ಹತ್ತು ಬೀಜದಲ್ಲಿ ಮಾಡಿ ನೋಡಿ.

ಅವ್ವ ಅರ್ಧ ಬೀಜ ಬೂದಿ ಬೆರೆಸಿ ತನ್ನ ಹತ್ತಿರವೇ ಇಟ್ಟುಕೊಂಡಿದ್ದಳು. ಅದನ್ನು ಈ ಸಲ ನೇರ ಮಣ್ಣಿಗೇ ಹಾಕಿದೆ. ಒಂಬತ್ತನೇ ದಿನಕ್ಕೆ ಕುಡಿ ಕಂಡಿತು.