ಮಾಡ್ಯೂಲ್ 0.8 ಗಿಯರ್ ಸೆಟ್: ಹಲ್ಲಿಗೆ ಫುಲ್ ಮಾರ್ಕ್ಸ್, ಬೋರ್‌ಗೆ ಇಲ್ಲ

ಶಾಲಾ ವಿದ್ಯಾರ್ಥಿಗಳ ರೋಬೋಟ್ ಸ್ಪರ್ಧೆ ಎಫ್‌ಟಿಸಿಗೆ (ಫಸ್ಟ್ ಟೆಕ್ ಚಾಲೆಂಜ್) ನಮ್ಮ ತಂಡ ಬಳಸಿದ ಗಿಯರ್ ಸೆಟ್ ಇದು. ಮಾಡ್ಯೂಲ್ ಎಂದರೆ ಹಲ್ಲಿನ ಗಾತ್ರದ ಅಳತೆ, ಬೋರ್ ಎಂದರೆ ಶಾಫ್ಟ್ ತೂರುವ ನಡುವಿನ ತೂತು. "ಎಲ್ಲ ಮೋಟರ್‌ಗಳಿಗೂ ಹೊಂದುತ್ತದೆ" ಎಂದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿದ್ದಾರೆ. 6 ಮಿ.ಮೀ. ಡಿ-ಶಾಫ್ಟ್ (ಒಂದು ಬದಿ ಚಪ್ಪಟೆಯಾದ ದಂಡ) ಎಂದುಬಿಟ್ಟರೆ ಮಾತು ಮುಗಿಯಿತು ಎಂದುಕೊಂಡಿರಬೇಕು. ಡಿ ಆಕಾರದ ಚಪ್ಪಟೆ ಭಾಗವನ್ನು ಎಷ್ಟು ಆಳಕ್ಕೆ ಕೊರೆದಿದೆ ಎನ್ನುವುದು ಮೋಟರ್‌ನಿಂದ ಮೋಟರ್‌ಗೆ ಬೇರೆ. ನಮ್ಮ ಮೋಟರ್ ಮೇಲೆ ಈ ಸೆಟ್ಟಿನ ಪಿನಿಯನ್ (ಮೋಟರ್ ಮೇಲೆ ಕೂರುವ ಚಿಕ್ಕ ಗಿಯರ್) ಸಲೀಸಾಗಿ ಕೂರುತ್ತದೆ, ಬೆರಳಲ್ಲಿ ತಿರುವಿದರೆ ಕೂದಲೆಳೆಯಷ್ಟು ಆಡುತ್ತದೆ. ಇಡೀ ಸೀಸನ್ನಿನ ತಲೆನೋವು ಅಲ್ಲೇ ಇತ್ತು.

ಪಿನಿಯನ್ನನ್ನು ಶಾಫ್ಟಿಗೆ ಒತ್ತಿ ಹಿಡಿಯುವ ತಲೆಯಿಲ್ಲದ ಪುಟ್ಟ ಗ್ರಬ್ ಸ್ಕ್ರೂವನ್ನು ಎಷ್ಟೇ ಬಿಗಿದರೂ ರೋಬೋಟ್ ಹಿಂದೆ ಮುಂದೆ ಓಡಿದಂತೆಲ್ಲ ಅದು ಬಿಚ್ಚಿಕೊಳ್ಳುತ್ತದೆ. ಎಫ್‌ಟಿಸಿಯ 30 ಸೆಕೆಂಡಿನ ಆಟೋನಮಸ್‌ನಲ್ಲಿ (ರೋಬೋಟ್ ಬರೀ ಕೋಡ್ ನಂಬಿ ತಾನೇ ಓಡುವ ಹೊತ್ತು) ಇದರ ಪೆಟ್ಟು ಜೋರು. ಸುತ್ತು ಎಣಿಸುವ ಎನ್‌ಕೋಡರ್ ಇರುವುದು ಮೋಟರ್ ಬೆನ್ನಿಗೆ, ಸಡಿಲ ಇರುವುದು ಮುಂದೆ. ಮೋಟರ್ ತಿರುಗಿದ್ದೆಲ್ಲ ಲೆಕ್ಕಕ್ಕೆ ಸೇರುತ್ತದೆ, ಚಕ್ರ ತಿರುಗಿತೋ ಇಲ್ಲವೋ ಯಾರಿಗೂ ತಿಳಿಯದು. ಬೈಗುಳ ಮಾತ್ರ ಕೋಡ್ ಬರೆದವರಿಗೆ!

ಹಾಗಾಗಿ ಪ್ರತಿ ಪಂದ್ಯಕ್ಕೂ ಮೊದಲು ಒಂದು ಪೂಜೆ ನಡೆಯುತ್ತದೆ. ಶಾಫ್ಟ್ ತುದಿಯಿಂದ ಗಿಯರ್ ಮುಖದವರೆಗೆ ಬಿಳಿ ಮಾರ್ಕರ್‌ನಲ್ಲಿ ಒಂದೇ ಗೀರು ಎಳೆದಿರುತ್ತೇವೆ. ಗೀರು ನೇರವಿದ್ದರೆ ಸರಿ. ಮುರಿದಿದ್ದರೆ ಸ್ಕ್ರೂ ತೆಗೆದು, ಎಣ್ಣೆ ಒರೆಸಿ, ನೀಲಿ ಲಾಕ್ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ, ಸ್ಕ್ರೂ ಚಪ್ಪಟೆ ಭಾಗಕ್ಕೇ ನೆಟ್ಟಗೆ ಬರುವಂತೆ ಮತ್ತೆ ಬಿಗಿಯುತ್ತೇವೆ. ಆಮೇಲೆ ಹಲ್ಲಿಗೆ ಒಂಚೂರು ಗ್ರೀಸ್. ಚಕ್ರವನ್ನು ಎತ್ತಿ ಹಿಡಿದು ಓಡಿಸಿ ಕಿವಿಗೊಟ್ಟರೆ ಬರೀ ಗುಂಯ್‌ಗುಡಬೇಕು, ಕಟಕಟ ಕೇಳಬಾರದು.

ಇಷ್ಟಾದರೂ ಸೆಟ್ಟನ್ನು ಯಾಕೆ ಬಿಸಾಡಿಲ್ಲ? ಹಲ್ಲುಗಳಿಗಾಗಿ. ಎರಡು ಗಿಯರ್‌ಗಳ ಹಲ್ಲು ಕೂಡಿಸಿ 0.8ರಿಂದ ಗುಣಿಸಿ ಅರ್ಧ ಮಾಡಿದರೆ ಶಾಫ್ಟ್‌ಗಳ ನಡುವಿನ ಅಂತರ ಸಿಗುತ್ತದೆ. ಮೊತ್ತ 80 ಆದರೆ ಸರಿಯಾಗಿ 32 ಮಿ.ಮೀ., ಅಂದರೆ 8 ಮಿ.ಮೀ. ಅಂತರದ ತೂತುಗಳಿರುವ ಚಾನೆಲ್‌ನಲ್ಲಿ (ರೋಬೋಟ್ ಚೌಕಟ್ಟಿನ ಲೋಹದ ಪಟ್ಟಿ) ನಾಲ್ಕು ತೂತು ದೂರ. 20-60 ಹಾಕಿದರೆ 3:1, 40-40 ಹಾಕಿದರೆ 1:1, ನಡುವೆ 30-50. ಒಂದು ತೂತನ್ನೂ ಹೊಸದಾಗಿ ಕೊರೆಯದೆ, ಊಟದ ಬಿಡುವಿನಲ್ಲಿ ವೇಗ ಬದಲಿಸಬಹುದು. ಈ ಸುಖಕ್ಕೆ ನಾನು ಸೋತೆ. ಹಲ್ಲು ಸವೆದಿದ್ದೂ ಕಡಿಮೆಯೇ.

ಹಳೇ ಡಬ್ಬಿಯ 32 ಡಿಪಿ (ಇಂಚು ಲೆಕ್ಕದ ಹಲ್ಲಿನ ಅಳತೆ) ಗಿಯರ್ ಇದರ ಜೊತೆ ಸೇರಿಸೋಣ ಎಂದು ಆಸೆಪಡಬೇಡಿ. ಅದು ಮಾಡ್ಯೂಲ್ ಲೆಕ್ಕದಲ್ಲಿ 0.794, ಕಣ್ಣಿಗೆ ಅವಳಿಜವಳಿ. ಕೈಯಲ್ಲಿ ತಿರುಗುತ್ತದೆ ಕೂಡ. ಆದರೆ ಅದೇ 80 ಹಲ್ಲಿಗೆ ಅದು ಕೇಳುವ ಅಂತರ 31.75 ಮಿ.ಮೀ. ಭಾರ ಬಿದ್ದಾಗ ಆ ವ್ಯತ್ಯಾಸ ಸದ್ದು ಮಾಡುತ್ತದೆ. ಪ್ರೆಷರ್ ಆ್ಯಂಗಲ್ (ಹಲ್ಲಿನ ಬದಿಯ ಓರೆ) 14.5 ಡಿಗ್ರಿಯದೋ 20ರದೋ ಎಂಬುದನ್ನೂ ಈ ಪೆಟ್ಟಿಗೆ ಹೇಳುವುದಿಲ್ಲ. ಅಚ್ಚು ಹಾಕಲು ಜಾಗವಂತೂ ಬೇಕಾದಷ್ಟಿತ್ತು.

ದುಡ್ಡಿರುವ ತಂಡ, ಶಾಫ್ಟನ್ನು ಸುತ್ತಲೂ ಬಿಗಿದು ಹಿಡಿಯುವ ಕ್ಲ್ಯಾಂಪಿಂಗ್ ಹಬ್ ಇರುವ ಗಿಯರ್‌ಗೇ ಹೋಗಲಿ. ನಮ್ಮ ಬಜೆಟ್‌ಗೆ ದೊಡ್ಡ ಗಿಯರ್‌ಗಳು ಇಲ್ಲಿಂದಲೇ. ಮೋಟರ್ ಮೇಲಿನ ಪಿನಿಯನ್ ಒಂದನ್ನು ಮಾತ್ರ ಮುಂದಿನ ಸೀಸನ್‌ಗೆ ಕ್ಲ್ಯಾಂಪ್ ಇರುವಂಥದ್ದು ತರಿಸುತ್ತಿದ್ದೇವೆ.